ಲಿಪ್ರಾಂಡನ ಪಾದ, ಕಾಕನ ಬಾರ್ಡರ್

ದುಬೈಯಲ್ಲಿ ಅಮೃತಶಿಲೆಯ ಕೆಲಸ ಮಾಡುವವರ ಹತ್ತಿರ ಹೋಗಿ ‘ಕಾಕ ಬಾರ್ಡರ್’ ಎಂದರೆ ಸಾಕು, ಮುಂದೆ ವಿವರಿಸಬೇಕಾಗಿಲ್ಲ. ಮೆಟ್ಟಿಲಿನ ಎರಡೂ ತುದಿಯಲ್ಲಿ, ಗೋಡೆಗೆ ತಾಗಿದಂತೆ, ಎರಡು ಸೆಂಟಿಮೀಟರ್ ಅಗಲದ ಕಪ್ಪು ಕಲ್ಲಿನ ಪಟ್ಟಿ. ಬಿಳಿ ಸೀರೆಗೆ ಕಪ್ಪು ಅಂಚು ಕೊಟ್ಟ ಹಾಗೆ ಕಾಣುತ್ತದೆ. ಜೆಬೆಲ್ ಅಲಿಯ ನಮ್ಮ ಯಾರ್ಡಿನಲ್ಲಿ ಹುಟ್ಟಿದ ಈ ಹೆಸರು ಈಗ ನಾವು ಕಂಡು ಕೇಳದ ಕಂಪನಿಗಳ ಡ್ರಾಯಿಂಗುಗಳಲ್ಲೂ ಬರುತ್ತದೆ. ಬರೆದವರಿಗೆ ಕಾಕ ಎಂದರೆ ಮನುಷ್ಯನೋ ಊರೋ ಎಂದೂ ಗೊತ್ತಿರಲಿಕ್ಕಿಲ್ಲ. ಪ್ರತಿ ಸಲ ಆ ಹೆಸರು ಕಂಡಾಗಲೂ ನನಗೆ ಕುರ್ಚಿಯಿಂದ ಎದ್ದು ಯಾರಿಗಾದರೂ ಹೇಳಬೇಕು ಅನಿಸುತ್ತದೆ.

ಕಾಕ ಮನುಷ್ಯರೇ. ಉಳ್ಳಾಲ ಕಡೆಯ ಬ್ಯಾರಿ ಮುಸ್ಲಿಂ, ಹಿರಿಯರೆಂದು ಎಲ್ಲರೂ ಕಾಕ ಎನ್ನುತ್ತಿದ್ದೆವು, ನಮ್ಮ ಯಾರ್ಡಿನಲ್ಲಿ ಮೂವತ್ತೆರಡು ವರ್ಷ ಅಳತೆಯ ಕೆಲಸ ಮಾಡಿದವರು. ಕಟ್ಟುತ್ತಿರುವ ಮನೆಗಳಿಗೆ ಹೋಗಿ ನೆಲ, ಗೋಡೆ, ಮೆಟ್ಟಿಲು ಅಳೆದು ಶೀಟಿನಲ್ಲಿ ಬರೆದು ತರುವುದು ಅವರ ಕೆಲಸ. ಆ ಶೀಟು ನೋಡಿ ಯಾವ ಕಲ್ಲನ್ನು ಎಷ್ಟಕ್ಕೆ ಕೊಯ್ಯಬೇಕೆಂದು ಪಟ್ಟಿ ಮಾಡುವುದು ನನ್ನದು. ಒಂಬತ್ತು ವರ್ಷದ ಹಿಂದೆ ನಿವೃತ್ತರಾಗಿ ಊರಿಗೆ ಹೋದ ಕಾಕ ಎರಡು ತಿಂಗಳ ಹಿಂದೆ ತೀರಿಕೊಂಡರು. ಮಣ್ಣು ಮುಗಿಸಿ ಅವರ ಮಗಳು ಶಾರ್ಜಾಕ್ಕೆ ವಾಪಸ್ ಬಂದ ಮೇಲೆ, ಹಳಬರೆಲ್ಲ ಸೇರಿ ಊದ್ ಮೇಥಾದ ಒಂದು ಹಾಲ್‌ನಲ್ಲಿ ಅವರನ್ನು ನೆನೆಯುವ ಸಭೆ ಇಟ್ಟುಕೊಂಡೆವು.

ಅಲ್ಲಿ ನಮ್ಮ ಹಳೆಯ ಮ್ಯಾನೇಜರ್, ಕಾರ್ಕಳ ಕಡೆಯವರು, ಮೈಕ್ ಹಿಡಿದು ಹೇಳಿದರು: “ಮೂವತ್ತೆರಡು ವರ್ಷದಲ್ಲಿ ಕಾಕನ ಅಳತೆ ತಪ್ಪಿದ್ದು ಒಂದೇ ಒಂದು ಸಲ. ವಯಸ್ಸಾಗಿತ್ತು, ಕಣ್ಣು ಸೋತಿತ್ತು. ಆದರೆ ನೋಡಿ, ಆ ತಪ್ಪನ್ನೂ ಎಷ್ಟು ಚಂದ ಮಾಡಿದರು ಅಂತ. ಕಾಕ ಬಾರ್ಡರ್ ಹುಟ್ಟಿದ್ದೇ ಅದರಿಂದ.” ಎಲ್ಲರೂ ತಲೆ ಆಡಿಸಿದರು. ಮುಂದಿನ ಸಾಲಿನಲ್ಲಿದ್ದ ಕಾಕನ ಮಗಳೂ ಆಡಿಸಿದಳು.

ಆ ಒಂದು ತಪ್ಪಿನ ಬಗ್ಗೆಯೇ ನಾನು ಬರೆಯಲು ಕೂತಿರುವುದು. ಅದರಲ್ಲಿ ಕಾಕನ ಹೆಸರಿನ ಪ್ರಶ್ನೆ ಇದೆ, ಅವರಿಗಿದ್ದ ಆಸ್ತಿ ಅದೊಂದೇ. ಆದರೆ ಮನುಷ್ಯ ಎಂಥವರೆಂದು ತಿಳಿಯದೆ ತಪ್ಪಿನ ವಿಷಯಕ್ಕೆ ಹೋದರೆ ನ್ಯಾಯ ಆಗುವುದಿಲ್ಲ. ಅದಕ್ಕೆ ಮೊದಲು ಇಟಲಿಯ ಒಬ್ಬ ರಾಜನನ್ನೂ ಕರೆತರಬೇಕು.

ನಾನು ಯಾರ್ಡಿಗೆ ಸೇರಿದ ಮೊದಲ ತಿಂಗಳು, ಕಲ್ಲು ಕೊಯ್ಯುವ ಹೊಸ ಮೆಷಿನ್ ಕೂರಿಸಲು ಇಟಲಿಯ ತೊರಿನೊ ಕಡೆಯಿಂದ ಒಬ್ಬ ಮುದುಕ ಬಂದಿದ್ದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಕಾಕನಿಗೆ ಅಷ್ಟೂ ಇಲ್ಲ. ಆದರೂ ಮಧ್ಯಾಹ್ನ ಊಟಕ್ಕೆ ಇಬ್ಬರೂ ಜೊತೆಗೆ ಕೂತು ಒಂದು ಗಂಟೆ ಮಾತಾಡುತ್ತಿದ್ದರು. ಒಂದು ದಿನ ಮುದುಕ ಕಲ್ಲಿನ ಪುಡಿ ಕೂತ ಬೆಂಚಿನ ಮೇಲೆ ಬೆರಳಿನಿಂದ ದೊಡ್ಡದೊಂದು ಪಾದ ಬರೆದು, ತಲೆಯ ಮೇಲೆ ಕಿರೀಟದಂತೆ ಕೈ ಇಟ್ಟು ಏನೋ ಹೇಳಿದ. ಕಾಕ ಅರ್ಧ ಊಟ ಬಿಟ್ಟು ನೇರ ನನ್ನ ಮೇಜಿಗೆ ಬಂದರು.

“ಮಗಳೇ, ಕಂಪ್ಯೂಟರಲ್ಲಿ ಒಬ್ಬ ರಾಜನನ್ನು ಹುಡುಕಿ ಕೊಡು.”

“ಯಾವ ರಾಜ ಕಾಕ?”

“ಲಿಪ್ರಾಂಡ್ ಅಂತ. ಅವನ ಪಾದ ಅರ್ಧ ಮೀಟರ್ ಇತ್ತಂತೆ. ಇವನ ಅಜ್ಜನ ಮನೆಯಲ್ಲಿ ಆ ಪಾದದ ಕೋಲು ಇತ್ತಂತೆ ಮಾರಾಯ್ತಿ, ಅದರಲ್ಲೇ ಅಳೆದು ಮನೆ ಕಟ್ಟಿದ್ದಂತೆ.”

ಹುಡುಕಿದೆ, ಸಿಕ್ಕಿದ. ಸರಿಯಾದ ಹೆಸರು ಲಿಯುಟ್‌ಪ್ರಾಂಡ್. ಸುಮಾರು ಸಾವಿರದ ಮುನ್ನೂರು ವರ್ಷ ಹಿಂದೆ ಇಟಲಿಯ ಬಡಗು ಭಾಗ ಆಳಿದ ಲೊಂಬಾರ್ಡರ ರಾಜ, ರಾಜಧಾನಿ ಪಾವಿಯ. ಕಾನೂನು ಬರೆಸಿದ, ಯುದ್ಧ ಗೆದ್ದ, ಸಂತರ ಎಲುಬುಗಳನ್ನು ತರಿಸಿ ಗೌರವದಿಂದ ಇಟ್ಟ. ಅವನ ಕಾಲದಲ್ಲಿ ಅವನಷ್ಟು ದೊಡ್ಡ ಹೆಸರು ಆ ಕಡೆ ಇನ್ನೊಂದಿರಲಿಲ್ಲ. ಅವನು ಸತ್ತ ಮೇಲೆ ಮೂವತ್ತು ವರ್ಷಕ್ಕೆ ಆ ರಾಜ್ಯ ಬೇರೆಯವರ ಪಾಲಾಯಿತು. ಆದರೆ ಅವನ ಪಾದ ಉಳಿಯಿತು. ಅಲ್ಲಿನ ಊರುಗಳಲ್ಲಿ ಮೀಟರ್ ಬರುವ ತನಕ ನೂರಾರು ವರ್ಷ ಜನ ಹೊಲ, ಮನೆ, ಗೋಡೆ ಅಳೆದದ್ದು ‘ಲಿಪ್ರಾಂಡೊ’ ಪಾದದಲ್ಲಿ. ಅದು ಐವತ್ತೊಂದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು.

ಓದಿ ಹೇಳುತ್ತಿದ್ದಂತೆ ಕಾಕನ ಮುಖ ಅರಳಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. “ಎಷ್ಟು ವರ್ಷ ಆಳಿದ?” ಎಂದು ಕೇಳಿದರು. ಮೂವತ್ತೆರಡು ಎಂದೆ. ಅವರ ಸರ್ವಿಸಿಗೂ ಅದೇ ವರ್ಷ ಮೂವತ್ತೆರಡು ತುಂಬುವುದಿತ್ತು. ಆ ದಿನ ಕಾಕ ಊಟ ಪೂರ್ತಿ ಮಾಡಲಿಲ್ಲ.

ಮರುದಿನ ಚಹಾದ ಹೊತ್ತಿಗೆ ಯಾರ್ಡಿನಲ್ಲಿ ಪಾದದ ಮೆರವಣಿಗೆ. ಫೋರ್ಕ್‌ಲಿಫ್ಟ್ ಓಡಿಸುವ ಪಠಾಣ ನಮ್ಮಲ್ಲಿ ಎಲ್ಲರಿಗಿಂತ ಎತ್ತರ. ಕಾಕ ಅವನ ಬೂಟು ಕಳಚಿಸಿ, ಕಲ್ಲಿನ ಮೇಲೆ ನಿಲ್ಲಿಸಿ ಅಳೆದರು. ಮೂವತ್ತೊಂದು ಸೆಂಟಿಮೀಟರ್. ಪಾಲಿಶ್ ಮಾಡುವವರು, ಡ್ರೈವರುಗಳು, ಕೊನೆಗೆ ಮ್ಯಾನೇಜರ್ ಕೂಡ ಬೂಟು ಕಳಚಿ ನಿಂತರು. ಯಾರದ್ದೂ ಮೂವತ್ತೊಂದು ದಾಟಲಿಲ್ಲ. ಅರ್ಧ ಮೀಟರ್ ಪಾದ ಮನುಷ್ಯರಿಗೆ ಸಾಧ್ಯವಿಲ್ಲ ಎಂದು ಸಾಬೀತಾಯಿತು. ಪಂಡಿತರಿಗೂ ಇದೇ ಸಂಶಯ, ರಾಜನ ಹೆಸರು ಆ ಅಳತೆಗೆ ಹೇಗೋ ಆಮೇಲೆ ಅಂಟಿಕೊಂಡಿರಬೇಕು ಎನ್ನುತ್ತಾರೆ ಎಂದು ನಾನು ಓದಿ ಹೇಳಿದೆ. ಸ್ವಲ್ಪ ಗತ್ತಿನಿಂದಲೇ ಹೇಳಿದೆ, ಆಗ ನನಗೆ ಇಪ್ಪತ್ತಾರು ವರ್ಷ.

ಕಾಕ ಸುಮ್ಮನೆ ಎದ್ದು, ಬರಿಗಾಲಲ್ಲಿ ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ಇಟ್ಟು, “ಈಗ ಅಳೆ” ಎಂದರು. ಅಳೆದೆ. ಐವತ್ತೊಂದೂವರೆ.

“ನೋಡಿದೆಯಾ? ಅವನು ಎರಡೂ ಕಾಲು ಇಟ್ಟಿದ್ದಾನೆ. ಪಂಡಿತರು ಒಂದೇ ಲೆಕ್ಕ ಹಿಡಿದಿದ್ದಾರೆ, ಅಷ್ಟೆ.”

ಇದಕ್ಕೆ ಆಧಾರ ಯಾವುದೂ ಇಲ್ಲ ಎಂದು ನಾನು ವಾದಿಸಿದೆ. ಅವರಿಗೆ ಆಧಾರ ಬೇಕಿರಲಿಲ್ಲ. ರಾಜನ ಪಾದ ತಮ್ಮ ಪಾದದಷ್ಟೇ ಇತ್ತು ಎಂದು ತಿಳಿದ ಸಂತೋಷದಲ್ಲಿ ಇಡೀ ಯಾರ್ಡಿಗೆ ಸುಲೈಮಾನಿ ಚಹಾ ತರಿಸಿದರು. ನಿಜ ಹೇಳಬೇಕೆಂದರೆ ನನಗೂ ರೋಮಾಂಚನವಾಗಿತ್ತು. ಮರಳು ಹಾರುವ ಜೆಬೆಲ್ ಅಲಿಯಲ್ಲಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬ ಮನುಷ್ಯ ಇಟಲಿಯ ಚರಿತ್ರೆಗೆ ತನ್ನ ಕಾಲನ್ನೇ ಸಾಕ್ಷಿಯಾಗಿ ಇಟ್ಟಿದ್ದ.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಕಂಪನಿ ಬಸ್ ಇಳಿಯುತ್ತಿದ್ದಂತೆ, “ಮಗಳೇ, ರಾಜನ ಸುದ್ದಿ ಎಂತ ಉಂಟು?” ಎಂದು ಕೇಳುವುದು ಅವರ ರೂಢಿಯಾಯಿತು. ನಾನು ಹಿಂದಿನ ದಿನ ಓದಿದ್ದನ್ನು ಹೇಳುತ್ತಿದ್ದೆ. ಅವರಿಗೆ ಬಹಳ ಹಿಡಿಸಿದ್ದು ಕಾಡಿನ ಕಥೆ. ರಾಜನ ಇಬ್ಬರು ಅಂಗರಕ್ಷಕರು ಅವನನ್ನು ಕೊಲ್ಲಲು ಸಂಚು ಮಾಡಿದ್ದರು. ಸುದ್ದಿ ರಾಜನಿಗೆ ಮುಟ್ಟಿತು. ಅವನು ಅವರನ್ನು ಹಿಡಿಸಲಿಲ್ಲ. ಅವರಿಬ್ಬರನ್ನೇ ಕರೆದುಕೊಂಡು ದಟ್ಟ ಕಾಡಿಗೆ ಹೋದ. ಕತ್ತಿ ಹಿರಿದು, ನನ್ನನ್ನು ಕೊಲ್ಲಬೇಕೆಂದಿದ್ದಿರಲ್ಲ, ಈಗ ಯಾರೂ ಇಲ್ಲ, ಮಾಡಿ ಎಂದ. ಅವರು ಕಾಲಿಗೆ ಬಿದ್ದು ಎಲ್ಲ ಒಪ್ಪಿಕೊಂಡರು. ರಾಜ ಕ್ಷಮಿಸಿದ. ಅವನ ಜನರಲ್ಲೇ ಒಬ್ಬ ಪಾದ್ರಿ ಇದನ್ನು ಬರೆದಿಟ್ಟಿದ್ದಾನೆ.

“ಸಭೆಯಲ್ಲಿ ಕೇಳಿದ್ದರೆ ಅವರು ಸುಳ್ಳು ಹೇಳ್ತಿದ್ದರು” ಎಂದರು ಕಾಕ. “ಒಬ್ಬರೇ ಇದ್ದಾಗ ಮನುಷ್ಯನಿಗೆ ಸುಳ್ಳು ಹೇಳ್ಲಿಕ್ಕೆ ಕಷ್ಟ.”

ಒಂದು ಶುಕ್ರವಾರ ಇದೇ ಊದ್ ಮೇಥಾದ ಮಕ್ಕಳ ಕನ್ನಡ ತರಗತಿಗೆ ಅವರನ್ನು ಕರೆದೊಯ್ದೆ. ಅಳತೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಿದ್ದರೆ ಕಾಕ ಒಂದು ಗಂಟೆ ಲಿಪ್ರಾಂಡನ ಕಥೆಯನ್ನೇ ಹೇಳಿದರು. ಕೊನೆಗೆ ಮಕ್ಕಳನ್ನೆಲ್ಲ ಬರಿಗಾಲಲ್ಲಿ ಬಿಟ್ಟು ಹಾಲ್ ಅಳೆಸಿದರು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂದು ಗಲಾಟೆಯೋ ಗಲಾಟೆ. ಕನ್ನಡಕ ಹಾಕಿದ ಒಬ್ಬಳು ಹುಡುಗಿ ಎದ್ದು ನಿಂತು, “ಅಂಕಲ್, ದಟ್ ಫುಟ್ ಈಸ್ ಫೇಕ್” ಎಂದಳು.

ಕಾಕ ಅವಳನ್ನು ಹತ್ತಿರ ಕರೆದರು. “ಫೇಕ್ ಆಗಿರ್ಲಿ ಮಗಾ. ಅದರಲ್ಲಿ ಅಳೆದು ಕಟ್ಟಿದ ಮನೆ ಇವತ್ತಿಗೂ ನಿಂತಿದೆ ಅಲ್ವಾ? ಎಲ್ಲರೂ ಒಂದೇ ಅಳತೆ ಹಿಡಿದರೆ ಸಾಕು, ಮನೆ ಬೀಳುವುದಿಲ್ಲ.”

ಆಮೇಲೆ ಪಿಕಪ್‌ನಲ್ಲಿ ಬರುವಾಗ ನನಗೆ ಮಾತ್ರ ಬೇರೆ ಮಾತು ಹೇಳಿದರು. ರಾಜ ಮಾಡಿದ ಕಾನೂನು ಯಾರಿಗೂ ನೆನಪಿಲ್ಲ, ಗೆದ್ದ ಯುದ್ಧ ನೆನಪಿಲ್ಲ, ಅವನದ್ದು ಹೌದೋ ಅಲ್ಲವೋ ಗೊತ್ತಿಲ್ಲದ ಒಂದು ಪಾದ ಮಾತ್ರ ಉಳಿಯಿತಲ್ಲ, ಅದು ಅವನಿಗೆ ಗೊತ್ತಾದರೆ ನಗುತ್ತಾನೋ ಸಿಟ್ಟಾಗುತ್ತಾನೋ ಎಂದು. ಸಿಟ್ಟಾಗುತ್ತಾನೆ ಎಂದೆ ನಾನು.

ಅವರ ಜೊತೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿ ನಾನು ಪರದೆಗೆ ಬಟ್ಟೆ ತೆಗೆದುಕೊಳ್ಳುತ್ತಿದ್ದಾಗ, ಮಾಲೀಕ ಕೈಚಾಚಿ ಮೊಳದಲ್ಲಿ ಅಳೆದು ಕತ್ತರಿ ಹಾಕಲು ಹೋದ. ಕಾಕ ತಡೆದರು. ಎರಡು ಇಂಚು ಕಡಿಮೆ ಎಂದರು. ಮಾಲೀಕ ನಲವತ್ತು ವರ್ಷದಿಂದ ಇದೇ ಕೈಯಲ್ಲಿ ಅಳೆಯುತ್ತಿದ್ದೇನೆ ಎಂದು ಹಿಂದಿಯಲ್ಲಿ ರೇಗಿದ. ಕಾಕ ಸೊಂಟದಿಂದ ಟೇಪ್ ತೆಗೆದರು. ಸರಿಯಾಗಿ ಎರಡು ಇಂಚು. ನಾನು ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಷ್ಟರಲ್ಲಿ ಆ ಮಾಲೀಕ ಕಾಕನನ್ನು ಒಳಗೆ ಕೂರಿಸಿ ಚಹಾ ತರಿಸಿದ. ಅಳತೆಯವರಿಗೆ ಅಳತೆಯವರ ಗುರುತು ಸಿಗುತ್ತದೆ ಎಂದು ಕಾಣುತ್ತದೆ.

‘ಸುಮಾರು’ ಎಂಬ ಪದ ಅವರಿಗೆ ಆಗುತ್ತಿರಲಿಲ್ಲ. ಒಂದು ಮೆಟ್ಟಿಲನ್ನು ಮೂರು ಸಲ ಅಳೆಯುತ್ತಿದ್ದರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಆಮೇಲೆ ಹೊರಗೆ ಹೋಗಿ ಎರಡು ನಿಮಿಷ ಬಿಟ್ಟು ಬಂದು ಇನ್ನೊಮ್ಮೆ. ಮೂರೂ ಒಂದೇ ಬಂದರೆ ಮಾತ್ರ ಶೀಟಿಗೆ ಹತ್ತುತ್ತಿತ್ತು.

ಈಗ ಆ ಶೀಟಿನ ವಿಷಯ. ಮನೆ ಕಟ್ಟುವಾಗ ಮೊದಲು ಬರಿ ಇಟ್ಟಿಗೆಯ ಗೋಡೆ ಇರುತ್ತದೆ, ಪ್ಲಾಸ್ಟರ್ ಆಮೇಲೆ. ಗೋಡೆಯಿಂದ ಗೋಡೆಗೆ ಅಳೆದರೆ ಅದರಲ್ಲಿ ಎರಡು ಬದಿಯ ಪ್ಲಾಸ್ಟರಿನ ದಪ್ಪ ಕಳೆಯಬೇಕು. ಒಂದು ಬದಿಗೆ ಎರಡು ಸೆಂಟಿಮೀಟರ್, ಒಟ್ಟು ನಾಲ್ಕು. ಬೇರೆ ಅಳತೆಯವರು ಅಳೆದದ್ದನ್ನು ಹಾಗೇ ಬರೆದು ತರುತ್ತಿದ್ದರು, ಆಫೀಸಿನಲ್ಲಿ ನಾವು ಕಳೆಯುತ್ತಿದ್ದೆವು. ಕಾಕ ಮಾತ್ರ ಅಲ್ಲೇ ಕಳೆದು ಬರೆಯುತ್ತಿದ್ದರು. ಕಳೆದದ್ದಕ್ಕೆ ಗುರುತಾಗಿ ಅಂಕೆಯ ಕೆಳಗೆ ಒಂದು ಸಣ್ಣ ಗೆರೆ. ಯಾರ್ಡಿನ ಹಳಬರಿಗೆಲ್ಲ ಆ ಗೆರೆ ಗೊತ್ತಿತ್ತು. ನಾನು ಸೇರಿದ ಮೊದಲ ವಾರವೇ ಕಾಕ ನನಗೂ ತೋರಿಸಿದ್ದರು. ಹೂಂ ಎಂದಿದ್ದೆ.

ಅಬುಧಾಬಿಯ ಒಂದು ದೊಡ್ಡ ವಿಲ್ಲಾದ ಕೆಲಸ ಬಂತು. ನಲವತ್ತೆರಡು ಮೆಟ್ಟಿಲು, ಎರಡೂ ಬದಿ ಗೋಡೆ. ಇಟಲಿಯಿಂದ ಬಂದ ಒಂದೇ ಬಂಡೆಯಿಂದ ಅಷ್ಟೂ ಮೆಟ್ಟಿಲು ಕೊಯ್ಯಬೇಕು, ಕಲ್ಲಿನ ಬೂದು ಗೆರೆ ಕೆಳಗಿನ ಮೆಟ್ಟಿಲಿನಿಂದ ಮೇಲಿನದಕ್ಕೆ ಹರಿದ ಹಾಗೆ ಕಾಣಬೇಕು. ಕಾಕ ಅಳೆದು ತಂದರು. ಒಂದೂವರೆ ಮೀಟರ್, ಕೆಳಗೆ ಗೆರೆ. ಆ ವಾರ ನನ್ನ ಮೇಜಿನ ಮೇಲೆ ಬೇರೆಯವರ ಶೀಟುಗಳ ರಾಶಿ. ಎಲ್ಲದರಲ್ಲೂ ನಾಲ್ಕು ನಾಲ್ಕು ಕಳೆಯುತ್ತಾ ಬಂದವಳು ಇದರಲ್ಲೂ ಕಳೆದೆ. ನಲವತ್ತೆರಡು ಮೆಟ್ಟಿಲೂ ನಾಲ್ಕು ಸೆಂಟಿಮೀಟರ್ ಗಿಡ್ಡವಾಗಿ ಕೊಯ್ದು, ಪಾಲಿಶ್ ಆಗಿ, ಅಬುಧಾಬಿಗೆ ಹೋದವು.

ಮೊದಲ ಮೆಟ್ಟಿಲು ಇಟ್ಟ ದಿನವೇ ಸೈಟಿನಿಂದ ಫೋನ್ ಬಂತು. ಬಂಡೆ ಮುಗಿದಿತ್ತು, ಅಂಥದ್ದು ಇನ್ನೊಂದು ಸಿಗುವ ಹಾಗಿರಲಿಲ್ಲ. ಮ್ಯಾನೇಜರ್ ಕೆಂಡವಾದರು. ಯಾರ್ಡಿನಲ್ಲಿ ಯಾರಿಗೂ ನನ್ನ ಮೇಲೆ ಸಂಶಯವೇ ಬರಲಿಲ್ಲ. ಅಳತೆ ತಪ್ಪಿದರೆ ಅಳೆದವರದ್ದೇ ತಪ್ಪು. ಕಾಕನ ಕಣ್ಣು ಹೋಯಿತು, ಸಾಕು ಅವರು ಊರಿಗೆ ಹೋಗಲಿ ಎಂಬ ಮಾತು ಒಂದು ಗಂಟೆಯೊಳಗೆ ಎಲ್ಲ ಕಡೆ ಹಬ್ಬಿತು.

ನಾನು ಶೀಟು ತೆಗೆದು ನೋಡಿದೆ. ಗೆರೆ ಕಣ್ಣಿಗೆ ಹೊಡೆಯುವ ಹಾಗೆ ಅಲ್ಲೇ ಇತ್ತು. ನನ್ನ ಪ್ರೊಬೇಶನ್ ಮುಗಿಯಲು ಹದಿನಾಲ್ಕು ದಿನ ಬಾಕಿ ಇತ್ತು. ಬಾಯಿ ಬಿಟ್ಟರೆ ವೀಸಾ ಖಲಾಸ್. ಶೀಟನ್ನು ಫೈಲಿನ ತಳಕ್ಕೆ ಹಾಕಿ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನವೂ ಕಾಕ ಬಸ್ ಇಳಿಯುವಾಗ ರಾಜನ ಸುದ್ದಿ ಕೇಳಿದರು. ಏನೂ ಓದಲಿಲ್ಲ ಕಾಕ ಎಂದೆ.

ಮೂರನೇ ದಿನ ಬೆಳಿಗ್ಗೆ, “ಬಾ, ಅಬುಧಾಬಿಗೆ ಹೋಗ್ವಾ. ನೀನೂ ಸೈಟ್ ನೋಡಿದ ಹಾಗೆ ಆಯ್ತು” ಎಂದು ಪಿಕಪ್ ಹತ್ತಿಸಿದರು. ನಾವು ಮುಟ್ಟುವಾಗ ಕೆಲಸದವರು ಊಟಕ್ಕೆ ಹೋಗಿದ್ದರು. ಆ ದೊಡ್ಡ ಖಾಲಿ ಮನೆಯ ಮೆಟ್ಟಿಲ ಬುಡದಲ್ಲಿ ನಿಂತು ಕಾಕ ಸೊಂಟದ ಟೇಪ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅವರು ಯಾರಿಗೂ ಕೊಟ್ಟ ಟೇಪ್ ಅಲ್ಲ ಅದು.

“ಅಳೆ.”

ಪ್ಲಾಸ್ಟರ್ ಆಗಿತ್ತು. ಗೋಡೆಯಿಂದ ಗೋಡೆಗೆ ಅಳೆದೆ. ಒಂದೂವರೆ ಮೀಟರ್, ಒಂದು ಮಿಲಿಮೀಟರ್ ಹೆಚ್ಚಿಲ್ಲ, ಕಡಿಮೆ ಇಲ್ಲ. ಕಾಕ ಕಿಸೆಯಿಂದ ಶೀಟಿನ ಕಾರ್ಬನ್ ಪ್ರತಿ ತೆಗೆದು ನನ್ನ ಮುಂದೆ ಹಿಡಿದರು.

“ನನ್ನದು ತಪ್ಪಿದ್ದರೆ ಈಗ ಹೇಳು. ಇಲ್ಲಿ ಯಾರೂ ಇಲ್ಲ.”

ನಾನು ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಅತ್ತೂಬಿಟ್ಟೆ. ಅತ್ತು ಮುಗಿಯುವ ತನಕ ಅವರು ಗೋಡೆ ನೋಡುತ್ತಾ ನಿಂತಿದ್ದರು.

“ನಿಮಗೆ ಯಾವಾಗ ಗೊತ್ತಾಯ್ತು ಕಾಕ?”

“ಫೋನ್ ಬಂದಾಗಲೇ. ನಾಲ್ಕು ಸೆಂಟಿಮೀಟರ್ ಅಂದ ಕೂಡಲೇ ಗೊತ್ತಾಯ್ತು.”

“ಮತ್ತೆ ಈ ಪ್ರತಿ ಮ್ಯಾನೇಜರಿಗೆ ತೋರಿಸಬಹುದಿತ್ತಲ್ಲ?”

“ನೀನೇ ಹೇಳ್ತೀಯಾ ಅಂತ ಎರಡು ದಿನ ಕಾದೆ. ಹೇಳಲಿಲ್ಲ. ರಾಜ ಮಾಡಿದ ಹಾಗೆ ಮಾಡುವ ಅಂತ ಕರ್ಕೊಂಡು ಬಂದೆ.”

“ರಾಜನ ಕೈಯಲ್ಲಿ ಕತ್ತಿ ಇತ್ತು” ಎಂದೆ, ಮೂಗು ಒರೆಸಿಕೊಳ್ಳುತ್ತಾ.

“ನನ್ನದನ್ನು ನಿನ್ನ ಕೈಗೇ ಕೊಟ್ಟಿದ್ದೇನಲ್ಲ. ಈಗ ಏಳು. ಕೂತ್ರೆ ಕೆಲಸ ಆಗ್ಲಿಕ್ಕಿಲ್ಲ.”

ಅಲ್ಲಿಂದ ಮುಂದಿನ ಅರ್ಧ ಗಂಟೆ ನನ್ನ ಜೀವನದ ಅತಿ ಚಂದದ ಅರ್ಧ ಗಂಟೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಸಿಮೆಂಟ್ ಹಾಕದೆ ಬರಿದೇ ಇಟ್ಟಿದ್ದ ಐದು ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ಕಾಕ ಎಡಕ್ಕೆ ಸರಿಸಿ ನೋಡಿದರು, ಬಲಕ್ಕೆ ಸರಿಸಿ ನೋಡಿದರು, ಸರಿಯಾಗಿ ಮಧ್ಯಕ್ಕಿಟ್ಟರು. ಎರಡೂ ಬದಿ ಎರಡೆರಡು ಸೆಂಟಿಮೀಟರ್ ಖಾಲಿ. ಎಲೆಕ್ಟ್ರಿಷಿಯನ್‌ನ ಡಬ್ಬದಿಂದ ಕಪ್ಪು ಇನ್ಸುಲೇಶನ್ ಟೇಪ್ ಎತ್ತಿ ಆ ಖಾಲಿ ಜಾಗಕ್ಕೆ ಉದ್ದಕ್ಕೆ ಅಂಟಿಸಿದರು. ಹಿಂದೆ ಸರಿದು ನೋಡಿದರು. ಐದೂ ಮೆಟ್ಟಿಲಿಗೆ ಹಾಗೆಯೇ ಅಂಟಿಸಲು ಹೇಳಿದರು. ಅಂಟಿಸಿ ಇಬ್ಬರೂ ಬಾಗಿಲ ತನಕ ಹೋಗಿ ತಿರುಗಿ ನೋಡಿದೆವು. ಬಿಳಿ ಕಲ್ಲಿನ ಗೆರೆಗಳು ಎರಡು ಕಪ್ಪು ಅಂಚಿನ ನಡುವೆ ಮೇಲಕ್ಕೆ ಹರಿಯುತ್ತಿದ್ದವು. ಮೊದಲಿನ ಡ್ರಾಯಿಂಗಿಗಿಂತ ಇದೇ ಚಂದ ಇತ್ತು.

“ಯಲ್ಲಾ, ಹೊರಡುವಾ” ಎಂದರು ಕಾಕ. “ಯಾರ್ಡಲ್ಲಿ ಕರಿಕಲ್ಲಿನ ತುಂಡು ರಾಶಿ ಬಿದ್ದಿದೆ.”

ವಾಪಸ್ ಬರುವಾಗ, ಮ್ಯಾನೇಜರಿಗೆ ನಾನೇ ಹೇಳುತ್ತೇನೆ ಎಂದೆ. ದನಿ ಬಹಳ ಸಣ್ಣದಿತ್ತು.

“ಪ್ರೊಬೇಶನ್ ಎಷ್ಟು ದಿನ ಉಂಟು?”

“ಹನ್ನೆರಡು.”

“ನನಗೆ ಎರಡು ತಿಂಗಳು, ಮತ್ತೆ ಊರು. ನನ್ನ ಮೇಲೆಯೇ ಇರ್ಲಿ. ಮಾಫಿ ಮುಶ್ಕಿಲ್, ತೊಂದರೆ ಇಲ್ಲ. ಈ ಮಾತು ಇಲ್ಲಿಗೆ ಖಲಾಸ್.”

ನಾನು ಬೇಡ ಎನ್ನಲಿಲ್ಲ. ಒಂದು ಸಲವಾದರೂ ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಎದೆಯ ಮೇಲಿನ ಭಾರ ಇಳಿದ ಸುಖದಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಕಪ್ಪು ಪಟ್ಟಿ ಕೂರಿಸಿದ ಮೇಲೆ ಆ ಮನೆಯ ಅಜ್ಜಿ, ಅರಬಿ ಹೆಂಗಸು, ಕೋಲು ಹಿಡಿದು ನಲವತ್ತೆರಡು ಮೆಟ್ಟಿಲೂ ಹತ್ತಿ ಇಳಿದು, ಕಾಕನ ಕಡೆ ತಿರುಗಿ “ಝೈನ್, ಝೈನ್”, ಚಂದ, ಚಂದ ಎಂದರಂತೆ. ಅಂಚು ಇರುವುದರಿಂದ ಮೆಟ್ಟಿಲಿನ ತುದಿ ತನ್ನ ಮಂದ ಕಣ್ಣಿಗೂ ಕಾಣುತ್ತದೆ ಎಂದರಂತೆ. ಸೈಟಿನ ಎಂಜಿನಿಯರ್ ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸಿದ. ತಿಂಗಳೊಳಗೆ ಇನ್ನೆರಡು ಮನೆಗಳಿಂದ ಅದೇ ಬೇಕೆಂದು ಕೇಳಿಕೊಂಡು ಬಂದರು. ಕಾಕ ಬಾರ್ಡರ್ ಎಂಬ ಹೆಸರು ಹಾಗೆ ಹುಟ್ಟಿತು.

ಆದರೆ ಕಾಕನಿಗೆ ಶಿಕ್ಷೆಯೂ ಆಯಿತು. ಇನ್ನು ಮುಂದೆ ಕಾಕ ಅಳೆದದ್ದನ್ನು ಇನ್ನೊಬ್ಬ ಹೋಗಿ ಮತ್ತೆ ಅಳೆಯಬೇಕು ಎಂದು ಮ್ಯಾನೇಜರ್ ಆರ್ಡರ್ ಮಾಡಿದರು. ಕೊನೆಯ ಎರಡು ತಿಂಗಳು ಕಾಕ ಒಂದು ಕೋಣೆ ಅಳೆದು ಹೊರಗೆ ಬಂದು ನಿಲ್ಲುತ್ತಿದ್ದರು, ಹೊಸಬ ಒಳಗೆ ಹೋಗುತ್ತಿದ್ದ. ಪ್ರತಿ ಸಲವೂ ಇಬ್ಬರ ಅಂಕೆ ಒಂದೇ. ಅದನ್ನು ಶೀಟುಗಳಲ್ಲಿ ನೋಡುತ್ತಿದ್ದವಳು ನಾನು. ಅದಕ್ಕೆ ಸಹಿ ಹಾಕುತ್ತಿದ್ದವಳೂ ನಾನೇ.

ಊರಿಗೆ ಹೋದ ಮೇಲೆ ಅವರಿಂದ ಆಗಾಗ ವಾಟ್ಸಾಪ್‌ನಲ್ಲಿ ದನಿ ಬರುತ್ತಿತ್ತು. “ಮಗಳೇ, ಪ್ಲಾಸ್ಟರ್ ಕಳೆದೆಯಾ?” ಎಂದು ಕೇಳಿ ನಗುವುದು. ಎರಡು ಮೂರು ಸಲ ನಾನು, ಈಗ ನನ್ನ ಕೆಲಸ ಗಟ್ಟಿಯಾಗಿದೆ, ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. “ಬೇಡ ಮಾರಾಯ್ತಿ. ಮತ್ತೆ ಆ ಬಾರ್ಡರಿಗೆ ನಿನ್ನ ಹೆಸರು ಇಡ್ತಾರೆ” ಎಂದು ತಮಾಷೆ ಮಾಡಿ ಮಾತು ಮರೆಸುತ್ತಿದ್ದರು. ಅವರಿಗೆ ಏನೂ ಅನಿಸಿಲ್ಲ ಎಂದು ನಾನು ನಂಬಿಕೊಂಡೆ. ನಂಬಿದರೆ ನನಗೂ ಸುಲಭವಿತ್ತು.

ಸಭೆಯಲ್ಲಿ ಮ್ಯಾನೇಜರ್ ಆ ಮಾತು ಹೇಳಿ ಕೂತ ಕೂಡಲೇ ನಾನು ಎದ್ದೆ. ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಮೈಕ್ ತೆಗೆದುಕೊಂಡು, ಗೆರೆಯ ವಿಷಯ, ನಾಲ್ಕು ಸೆಂಟಿಮೀಟರಿನ ವಿಷಯ, ಖಾಲಿ ಮನೆಯ ವಿಷಯ ಒಂದೇ ಉಸಿರಿಗೆ ಹೇಳಿದೆ. ಮೂವತ್ತೆರಡು ವರ್ಷದಲ್ಲಿ ಕಾಕನ ಅಳತೆ ಒಂದು ಸಲವೂ ತಪ್ಪಲಿಲ್ಲ, ತಪ್ಪಿದ್ದು ನಾನು ಎಂದೆ. ಮ್ಯಾನೇಜರ್ ತಲೆ ಬಗ್ಗಿಸಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಬಂದು, “ನಾನು ಆ ಶೀಟು ಒಂದು ಸಲ ನೋಡಬೇಕಿತ್ತು” ಎಂದರು, ಅಷ್ಟೆ.

ಆಮೇಲೆ ಕಾಕನ ಮಗಳು ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡಳು.

“ಉಪ್ಪ ಮನೆಯಲ್ಲಿ ಯಾವಾಗಲೂ ಹೇಳ್ತಿದ್ದರು ಅಕ್ಕಾ. ಆ ಮೆಟ್ಟಿಲಿನ ಅಳತೆ ನನ್ನದು ಸರಿ ಇತ್ತು ಅಂತ. ಯಾರು ತಪ್ಪಿದ್ದು ಅಂತ ಕೇಳಿದರೆ ಹೇಳ್ತಿರಲಿಲ್ಲ. ನಾವು ನಗ್ತಿದ್ದೆವು. ಮುದುಕರ ಹಟ ಅಂತ. ಕೊನೆಗೆ ಆಸ್ಪತ್ರೆಯಲ್ಲಿ ಕೂಡ ಒಂದು ಸಲ ಹೇಳಿದರು. ಆಗಲೂ ನಾವು ಹೌದು ಹೌದು ಅಂತ ಸಮಾಧಾನ ಮಾಡಿದ್ದು, ನಂಬಿ ಅಲ್ಲ.”

ನಾನು ಕುರ್ಚಿ ಎಳೆದು ಕೂತೆ. ಅವಳು ಫೋನ್ ತೆಗೆದು ಉಳ್ಳಾಲಕ್ಕೆ ಹಚ್ಚಿದಳು. ತಾಯಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿ ಫೋನ್ ನನ್ನ ಕೈಗೆ ಕೊಟ್ಟಳು. ಕಾಕನ ಹೆಂಡತಿಯನ್ನು ನಾನು ಒಮ್ಮೆಯೂ ನೋಡಿದವಳಲ್ಲ. ಹೆಸರು ಹೇಳಿದೆ. ಆ ಮೆಟ್ಟಿಲಿನ ಅಳತೆ ಕಾಕನದ್ದು ಸರಿ ಇತ್ತು, ನಾನೇ ಕೈಯಾರೆ ಅಳೆದು ನೋಡಿದ್ದೇನೆ, ಒಂದೂವರೆ ಮೀಟರ್, ಒಂದು ಮಿಲಿಮೀಟರ್ ಕೂಡ ತಪ್ಪಿರಲಿಲ್ಲ, ತಪ್ಪು ಮಾಡಿದವಳು ನಾನು ಎಂದೆ.

ಆ ಕಡೆ ಯಾರನ್ನೋ ಕರೆದದ್ದು, ಬಾಗಿಲು ತೆರೆದದ್ದು, ತುಂಬ ಜನ ಒಳಗೆ ಬಂದದ್ದು ಕೇಳಿಸಿತು.

“ಸ್ಪೀಕರಿಗೆ ಹಾಕಿದ್ದೇನೆ ಮಗಳೇ” ಎಂದರು. “ಗಂಡು ಮಕ್ಕಳು, ಸೊಸೆಯಂದಿರು, ಎಲ್ಲ ಇದ್ದಾರೆ. ಇನ್ನೊಂದು ಸಲ ಹೇಳು. ಸ್ವಲ್ಪ ಗಟ್ಟಿಯಾಗಿ ಹೇಳು.”

ನಾನು ಎದ್ದು ನಿಂತೆ, ಮೊದಲಿನಿಂದ ಗಟ್ಟಿಯಾಗಿ ಹೇಳಿದೆ.